ತೊಟ್ಟಿಲ ಕಂಬಳಿ

ದಾಸಮ್ಮನ ಮಗಳು ಸರಸಿ ಸಿಡುಬಿನಲ್ಲಿ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಅಮ್ಮ ಬಂದು ಹೋದ ಮನೆಯ ಹಾಸಿಗೆ ಹೊದಿಕೆಗಳನ್ನು ಊರಾಚೆ ಸುಟ್ಟು ಬರಬೇಕೆಂಬುದು ಅಕ್ಕೂರು ಸುತ್ತಿನ ಕಟ್ಟಳೆ. ದಾಸಮ್ಮ ಚಾಪೆ ಸುಟ್ಟಳು, ದಿಂಬು ಸುಟ್ಟಳು. ಮಗು ಕೊನೆಯುಸಿರೆಳೆದ ಕರಿ ಕಂಬಳಿಯನ್ನು ಮಾತ್ರ ಮಡಕೆಗೆ ತುರುಕಿ, ಬಾಯಿಗೆ ಬಟ್ಟೆ ಬಿಗಿದು ಅಟ್ಟಕ್ಕೇರಿಸಿದಳು. ಗಂಡ ಪುಟ್ಟಲಿಂಗಯ್ಯ ಹಿಂಡು ಹೊಡೆದುಕೊಂಡು ಕನಕಪುರದಾಚೆಯ ಕಾಡಿನ ಕಡೆ ಹೋಗಿದ್ದ. ಕೇಳುವವರಿರಲಿಲ್ಲ.

ಕುರಿಗೂ ಸಿಡುಬು ಬರುತ್ತದೆ. ಕಾಯಿಲೆಯ ಕುರಿ ಮಲಗಿದ್ದ ರೊಪ್ಪದಲ್ಲಿ ಹೊಸ ಮರಿ ಕಟ್ಟಿದರೆ ಅದೂ ಬೀಳುತ್ತದೆ, ಒಮ್ಮೆ ಬಿದ್ದು ಎದ್ದ ಕುರಿ ಮತ್ತೆ ಬೀಳುವುದಿಲ್ಲ ಎಂದು ಕುರಿಯವರ ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ದಾಸಮ್ಮನ ಮುಖದ ತುಂಬ ಚಿಕ್ಕಂದಿನ ಸಿಡುಬಿನ ಕಲೆ. ಆ ಕಂಬಳಿ ಅವಳನ್ನೇನೂ ಮಾಡದು. ಅದು ಕಾದಿದ್ದುದು ದೊಡ್ಡಹನುಮಯ್ಯನ ಮನೆಗಾಗಿ.

ದೊಡ್ಡಹನುಮಯ್ಯ ಊರ ಯಜಮಾನ, ಮಾರಮ್ಮನ ಪೂಜಾರಿ. ಹೋದ ವರ್ಷ ಸಿಡುಬು ತಡೆಯುವ ದಾಕು ಚುಚ್ಚಲು ಚನ್ನಪಟ್ಟಣದಿಂದ ಗಫಾರ್ ಸೈಕಲ್ ತುಳಿದುಕೊಂಡು ಬಂದಾಗ ಇವನೇ ಊರಬಾಗಿಲಲ್ಲಿ ಅಡ್ಡ ನಿಂತವನು.

"ದನದ ಕೀವು ತಂದು ಮಕ್ಕಳ ಮೈಗೆ ಚುಚ್ತೀಯೇನ್ಲಾ? ಅಮ್ಮ ಮುನ್ಕಂಡ್ರೆ ಊರು ಉಳ್ದಾತಾ?"

"ಒಸಿ ಕೇಳಿ ಯಜಮಾನ್ರೇ," ಎಂದ ಗಫಾರ್. "ಇಂಗ್ಲೆಂಡ್ನಾಗೆ ಹಾಲು ಕರೆಯೋ ಹೆಣ್ಮಕ್ಳ ಕೈಗೆ ಹಸುವಿನ ಕೆಚ್ಚಲ ಗುಳ್ಳೆ ಅಂಟ್ತಿತ್ತು. ಅಂಟಿದೋರಿಗೆ ಸಿಡುಬೇ ಬತ್ತಿರ್ನಿಲ್ಲ. ಒಬ್ಬ ಡಾಕ್ಟ್ರು ಅದನ್ನ ಕಂಡ್ಕಂಡ. ನಮ್ಮಜ್ಜನ ಅಜ್ಜನ ಕಾಲದ ಮಾತು. ಅದರಿಂದ ಬಂದ ಮದ್ದೇ ಇದು."

ಕುರಿಯವಳಾದ ದಾಸಮ್ಮನಿಗೆ ಆ ಮಾತು ಥಟ್ಟನೆ ಹೊಳೆದಿತ್ತು. ಸರಸಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡು ಹೆಜ್ಜೆ ಮುಂದೆ ಬಂದಿದ್ದಳು. ದೊಡ್ಡಹನುಮಯ್ಯ ತಿರುಗಿ ನೋಡಿದ.

"ಕುರಿ ಹಿಂದೆ ತಿರುಗೋಳು ನೀನು, ಅಮ್ಮನ ಮನಸು ನಿಂಗೇನವ್ವ ಗೊತ್ತು? ಹಾಕುಸ್ಕಂಡೋರ ಮನೆ ಆರತಿ ಗುಡಿ ಒಳಿಕ್ಕೆ ಬರಂಗಿಲ್ಲ!"

ಮಾರಮ್ಮನ ಹಾಡನ್ನು ಹಾಲಿನ ಜೊತೆಗೇ ಕುಡಿದು ಬೆಳೆದವಳು ದಾಸಮ್ಮ. ಆರತಿ ತಪ್ಪುವುದೆಂದರೆ ಅವಳಿಗೆ ಉಸಿರು ತಪ್ಪಿದಂತೆ. ಹಿಂದೆ ಸರಿದಳು. ಮುಂಗಾರು ಕಳೆಯುವಷ್ಟರಲ್ಲಿ ಅವಳ ಮನೆಯ ಬಾಗಿಲಿಗೆ ಬೇವು ಕಟ್ಟಿದರು, ಒಲೆಯಲ್ಲಿ ಒಗ್ಗರಣೆ ನಿಂತಿತು. ದೊಡ್ಡಹನುಮಯ್ಯ ಬೀದಿಯಲ್ಲೇ ನಿಂತು ತೀರ್ಥ ಕೊಟ್ಟು ಹೋದ. ಸರಸಿ ಉಳಿಯಲಿಲ್ಲ.

ಈಗ ಅವನ ಮನೆಯಲ್ಲಿ ಮೊಮ್ಮಗ ಹುಟ್ಟಿದ್ದ. ಪೂಜಾರಿ ಮನೆಯ ತೊಟ್ಟಿಲಿಗೆ ಮೊದಲ ಕಂಬಳಿ ಕುರಿಯವರ ಮನೆಯದೇ ಆಗಬೇಕು, ಕೊಟ್ಟವಳೇ ಕೂಸನ್ನು ಮಲಗಿಸಬೇಕು. ಯಜಮಾನನ ಹೆಂಡತಿ ಅಂಕಮ್ಮ ಕುಂಕುಮ ಹಿಡಿದು ಬಂದಳು.

"ಸೋಮಾರ ತೊಟ್ಲು ಕಣವ್ವ. ಹೊಸ್ದು ನೇಯ್ದಿಲ್ದಿದ್ರೆ ಬ್ಯಾಡ ಬುಡು, ಮೆತ್ತುಗಿದ್ರೆ ಆಯ್ತು."

"ಮೆತ್ತುಗಿರೋದು ಒಂದೈತೆ ಕಣಕ್ಕ. ಅದಕ್ಕೇ ಅಂತ ಮಡಗಿವ್ನಿ," ಎಂದಳು ದಾಸಮ್ಮ.

ಸೋಮವಾರ ಪಡಸಾಲೆಯ ತುಂಬ ಹೆಂಗಸರು, ಸೆರಗು ಹಿಡಿದು ನೇತಾಡುವ ಮಕ್ಕಳು. ದಾಸಮ್ಮ ಕಂಬಳಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಂದು, ತೊಟ್ಟಿಲ ಕಾಲ ಬಳಿ ಇಟ್ಟಳು. ಕೂಸನ್ನು ಈಸಿಕೊಳ್ಳುವಾಗ ಎಡದ ತೋಳಿಗೆ ಕೈ ತಾಗಿತೋ ಇಲ್ಲವೋ, ಅದು ಚಿಟ್ಟನೆ ಚೀರಿತು. ಸೊಸೆ ನಾಗಲಕ್ಷ್ಮಮ್ಮ ಬೆದರಿ ನುಗ್ಗಿ ಬಂದಳು.

"ಆ ತೋಳು ಮುಟ್ಬ್ಯಾಡಿ ದಾಸವ್ವ, ಮೊನ್ನೆ ಹಾಕ್ಸಿದ್ ದಾಕಿನ ಗಾಯ ಇನ್ನೂ ಹಸಿ ಐತೆ..." ಎಂದವಳು ಬಾಯಿ ಮುಚ್ಚಿಕೊಂಡಳು.

ದಾಸಮ್ಮ ಕೂಸನ್ನು ತಟ್ಟುತ್ತಲೇ ಮೆಲ್ಲಗೆ ಕೇಳಿದಳು: "ನಿಂಗೂ ಹಾಕ್ಸವ್ರಾ ಮಗ?"

"ಎಲ್ಲಾರ್ಗೂವೆ. ಮಾವ್ನೋರೂ ಹಾಕುಸ್ಕಂಡ್ರು. ಗಫಾರ್ ಸಾಬ್ರು ಈ ಊರಿಗೆ ಬರಕ್ ಮುಂಚೇನೇ ರಾಮನಗರಕ್ಕೆ ಕರ್ಕಂಡೋಗಿದ್ರು. ಯಾರ್ಗೂ ಅನ್ಬ್ಯಾಡಿ, ನಿಮ್ ದಮ್ಮಯ್ಯ."

ಅವನು ಊರಬಾಗಿಲಲ್ಲಿ ಅಡ್ಡ ನಿಂತಾಗಲೇ ಅವನ ತೋಳಿನಲ್ಲಿ ಮದ್ದಿತ್ತು. ತಂದ ಕಂಬಳಿ ಈ ಮನೆಯವರ ಕೂದಲನ್ನೂ ಕೊಂಕಿಸದು. ಬಿದ್ದರೆ ತೊಟ್ಟಿಲಿಗೆ ಜೋತುಬಿದ್ದಿರುವ ಈ ಕಂಡವರ ಮಕ್ಕಳೇ ಬೀಳಬೇಕು, ಸರಸಿಯ ಹಾಗೆ. ಕೂಸನ್ನು ತಾಯಿಗೆ ಕೊಟ್ಟು, ಗಂಟೆತ್ತಿಕೊಂಡು ಅಂಗಳಕ್ಕಿಳಿದಳು. ಅಲ್ಲಿ ದೊಡ್ಡಹನುಮಯ್ಯ ಗಂಡಸರ ನಡುವೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ.

"ಪೂಜಾರಪ್ಪ, ಇದು ನನ್ ಸರಸಿ ಪ್ರಾಣ ಬುಟ್ಟ ಕಂಬಳಿ," ಎಂದು ಗಂಟು ಬಿಚ್ಚಿದಳು.

ಅಂಗಳ ಹೋ ಎಂದಿತು. ತಾಯಂದಿರು ಮಕ್ಕಳನ್ನು ಬಾಚಿಕೊಂಡು ಗೋಡೆಗೊತ್ತಿದರು. "ಪಾಪಿ ಮುಂಡೆ, ಮಕ್ಳಿರೋ ಮನೆಗೆ ಇದನ್ನ ತಂದ್ಯಲ್ಲೇ!" ಎಂದು ಯಾರೋ ಕೂಗಿದರು. ದೊಡ್ಡಹನುಮಯ್ಯ ಮಾತ್ರ ಎದ್ದು ಬಂದು ಕಂಬಳಿಯನ್ನು ಕಿತ್ತುಕೊಂಡ. ಹೆಗಲ ಮೇಲೆ ಹಾಕಿಕೊಂಡು ನಕ್ಕ.

"ನೋಡ್ರಪ್ಪ! ಅಮ್ಮನ ಸೇವೆ ಮಾಡೋನು ನಾನು. ಅವ್ಳು ನನ್ನ ಮುಟ್ಟಕಿಲ್ಲ."

ಗಂಡಸರು ಕೈ ಮುಗಿದರು. ಒಬ್ಬ ಅಡ್ಡ ಬೀಳಲೂ ಹೋದ.

"ದಿಟ, ಮುಟ್ಟಕಿಲ್ಲ," ಎಂದಳು ದಾಸಮ್ಮ. "ಯಾಕೆ ಅಂತ ಅಂಗಿ ತೋಳು ಎತ್ತಿ ತೋರ್ಸಿ. ಹ್ವಾದ್ ವರ್ಸದಿಂದ ಪೂಜೆಗೂ ಶಲ್ಯ ಹೊದ್ದು ನಿಲ್ತಿದ್ರಲ್ಲ, ಚಳೀಗಾ?"

ನಗು ಅಲ್ಲೇ ಸತ್ತಿತು. ಅವನು ಕದಲಲಿಲ್ಲ. ಹೋದ ಮುಂಗಾರಿನಲ್ಲಿ ಇದೇ ರೋಗಕ್ಕೆ ಎರಡು ಕಣ್ಣೂ ಕಳೆದುಕೊಂಡ ಹುಡುಗನ ತಾಯಿ ಯಲ್ಲಮ್ಮ ಗೋಡೆ ಬಿಟ್ಟು ಬಂದು, ಹಿಂದೆಮುಂದೆ ನೋಡದೆ ಅವನ ತೋಳಿನ ಬಟ್ಟೆಯನ್ನು ಮೇಲಕ್ಕೆ ಸೆಳೆದಳು. ದುಂಡನೆಯ ಎರಡು ಕಲೆ, ಪಕ್ಕಪಕ್ಕದಲ್ಲಿ. ಅಂಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಂಬಳಿಯನ್ನು ಅಂದೇ ಸುಟ್ಟರು. ಮರುದಿನ ನ್ಯಾಯ ಸೇರಿತು. ಅಂಥದನ್ನು ಊರೊಳಗೆ ತಂದದ್ದಕ್ಕೆ ದಾಸಮ್ಮ ಒಂದು ತಿಂಗಳು ಊರಬಾವಿ ಮುಟ್ಟಕೂಡದೆಂದರು. ತಲೆಬಾಗಿ ಒಪ್ಪಿದಳು. ದೊಡ್ಡಹನುಮಯ್ಯ ತಪ್ಪುಕಾಣಿಕೆ ಇಡಲಿ ಎಂದಾಗ ಮಾತ್ರ ತಲೆಯೆತ್ತಿದಳು.

"ಅವ್ರ ಕಾಣಿಕೆ ನಂಗೆ ಬ್ಯಾಡ. ದಾಕು ಬ್ಯಾಡ ಅಂದ ಬಾಯ್ನಾಗೇ ಮನೆಮನೆ ಬಾಗ್ಲಲ್ಲಿ ಕೂಗಿ ಕರೀಲಿ. ಆಗಂಟ ಗುಡೀಲಿ ನಾವ್ಯಾರೂ ದೀಪ ಹಚ್ಚಕಿಲ್ಲ."

ಹೆಂಗಸರೆಲ್ಲ ಹೂಂ ಎಂದರು. ದೀಪವಿಲ್ಲದ ಗುಡಿಯಲ್ಲಿ ಎರಡು ಮಂಗಳವಾರ ಒಬ್ಬನೇ ಕೂತು ಎದ್ದ ಮೇಲೆ ದೊಡ್ಡಹನುಮಯ್ಯ ಬೀದಿಗಿಳಿದ. ಹಿಂದೆ ಸೈಕಲ್ ತಳ್ಳಿಕೊಂಡು ಗಫಾರ್.

"ದಾಕು ಹಾಕ್ತಾರೆ, ಮಕ್ಳ ಕರ್ಕಂಡ್ ಬನ್ನಿ!"

ಒಂದೊಂದು ಮನೆಯಿಂದಲೂ ಮಕ್ಕಳು ಬಂದವು, ಅಳುತ್ತ, ಕೊಸರಾಡುತ್ತ. ದಾಸಮ್ಮನ ಮನೆಯ ಮುಂದೆ ಅವನು ತಲೆ ತಗ್ಗಿಸಿ ಹೆಜ್ಜೆ ಬಿರುಸು ಮಾಡಿದ.

"ಈ ಮನೆ ಬುಟ್ರಲ್ಲ," ಒಳಗಿನಿಂದ ದನಿ ಬಂತು.

"ಇಲ್ಲಿ... ಮಕ್ಳಿಲ್ವಲ್ಲ ದಾಸವ್ವ."

"ಇಲ್ಲ. ಕೂಗಿ."

ಕೂಗಿದ. ದನಿ ಅರ್ಧಕ್ಕೇ ಒಡೆಯಿತು.

"ಹಂಗಲ್ಲ. ಹೆಸ್ರು ಹಿಡಿದು ಕೂಗಿ."

ಗಫಾರ್ ಸೈಕಲ್ಲಿಗೆ ಮುಖ ಮಾಡಿ ನಿಂತುಬಿಟ್ಟ. ಬೀದಿಯವರೆಲ್ಲ ನೋಡುತ್ತಿದ್ದರು. ಮುದುಕ ಬಾಗಿಲ ಕಡೆ ತಿರುಗಿದ.

"ದಾಸವ್ವ... ಸರಸೀನ ಕರ್ಕಂಡ್ ಬಾ."

ಬಾಗಿಲು ಮುಚ್ಚಿತು; ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು.