ಗೂಡಿನ ಮಾರ್ಕೆಟ್ಟಿನ ಎದುರಿನ ಮ್ಯಾಂಚೆಸ್ಟರು

ಹಸಿರು ಸೀರೆ, ಕೆಂಪು ಅಂಚು, ಅದು ಅವ್ವನದೇ, ಹೋದ ಗೌರಿ ಹಬ್ಬಕ್ಕೆ ನಾನೇ ಮ್ಯಾಂಚೆಸ್ಟರಿನಿಂದ ದುಡ್ಡು ಕಳಿಸಿ ತೆಗೆಸಿಕೊಟ್ಟ ಸೀರೆ, ಹೊಲಕ್ಕೆಲ್ಲ ಉಡಬೇಡ ಕಣವ್ವ ಅಂದಿದ್ದೆ, ಹೊಲಕ್ಕೆ ಉಟ್ಟಿಲ್ಲ ನಿಜ, ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಉಟ್ಟು ಬಂದಿದ್ದಾಳೆ — ಗೇಟು ದಾಟಿ ಹೊರಗೆ ಬಂದಳು ಅಂದರೆ ಗೂಡು ತೂಕವಾಯಿತು, ಮಾರಿಹೋಯಿತು, ಇನ್ನು ನಮ್ಮೂರು ಅಕ್ಕೂರಿನ ಬಸ್ಸು ಹಿಡಿಯುವುದೊಂದೇ ಬಾಕಿ. ಬೆಳಗ್ಗೆಯಿಂದ ಈ ಕಿಟಕಿಯ ಸರಳಿಗೆ ಹಣೆ ಒತ್ತಿ ನಿಂತಿದ್ದೇನೆ, ಹಣೆಯಲ್ಲಿ ಗೆರೆ ಬಿದ್ದಿರಬೇಕು, ಎರಡೂವರೆಗೆ ಇಂಟರ್‌ವ್ಯೂ, ಡಬ್ಲಿನ್ನಿನಲ್ಲಿ ಕೂತ ಮೂರು ಜನ ಈ ಗೆರೆ ನೋಡುತ್ತಾರೆ, ನೋಡಲಿ. ಮೇಲೆ ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೆಳಗೆ ಮಾಸಿದ ಪೈಜಾಮ, ಕ್ಯಾಮರಾಕ್ಕೆ ಎದೆಯಿಂದ ಮೇಲಕ್ಕಷ್ಟೇ ಮರ್ಯಾದೆ ಸಾಕು. ನನ್ನ ಹೆಸರು ಕುಸುಮ, ಲೀಡ್ಸಿನಲ್ಲಿ ಫೈನಾನ್ಸ್ ಎಂಎಸ್ಸಿ, ಆಮೇಲೆ ಎರಡು ವರ್ಷ ಮ್ಯಾಂಚೆಸ್ಟರಿನ ಬ್ಯಾಂಕೊಂದರಲ್ಲಿ ಕ್ರೆಡಿಟ್ ಅನಲಿಸ್ಟ್, ಯಾವ ಕಂಪನಿ ಮುಳುಗುತ್ತದೆ ಅಂತ ಮುಳುಗುವ ಮೊದಲೇ ಹೇಳುವ ಕೆಲಸ, ಊರವರದೆಲ್ಲ ಹೇಳಿದೆ, ನನ್ನದೊಂದು ಕಾಣಲಿಲ್ಲ — ಇದನ್ನು ಅವರ ಮುಂದೆ ಒದರಬಾರದು, ಕತ್ತೆ. ಓದಿ ಮುಗಿಸಿದವರಿಗೆ ಅಂತ ಕೊಟ್ಟ ಎರಡು ವರ್ಷದ ವೀಸಾ ಮುಗಿಯುತ್ತಾ ಬಂತು, ಮುಂದಿನದಕ್ಕೆ ಬ್ಯಾಂಕಿನವರೇ ಸ್ಪಾನ್ಸರ್ ಮಾಡಬೇಕು, ಮ್ಯಾನೇಜರ್ ಹೆಲೆನ್ ಕಾಫಿ ಕೊಡಿಸಿ, ನಿನ್ನ ಕೆಲಸ ಬಹಳ ಚೆನ್ನಾಗಿದೆ ಕುಸುಮಾ, ಆದರೆ ನಾವು ಯಾರಿಗೂ ಸ್ಪಾನ್ಸರ್ ಮಾಡುವುದಿಲ್ಲ ಅಂದಳು, ನನ್ನ ಮುಖ ನೋಡಲಿಲ್ಲ, ಕಾಫಿಯ ನೊರೆ ನೋಡುತ್ತಿದ್ದಳು. ಆಮೇಲೆ ಇನ್ನೂರ ಹನ್ನೊಂದು ಅರ್ಜಿ, ಎಲ್ಲದರಲ್ಲೂ ಅದೇ ಪ್ರಶ್ನೆ, ನಿಮಗೆ ಸ್ಪಾನ್ಸರ್ ಬೇಕೆ, ಹೌದು ಅಂತ ಒತ್ತಿದ ಹತ್ತು ನಿಮಿಷಕ್ಕೆ ವಿಷಾದಿಸುತ್ತೇವೆ ಅಂತ ಉತ್ತರ, ಓದಿದವರೂ ಇಲ್ಲ, ವಿಷಾದಪಟ್ಟವರೂ ಇಲ್ಲ.

ಫೆಬ್ರವರಿಯಲ್ಲಿ ಯಾರಿಗೂ ಹೇಳದೆ ವಾಪಸು ಬಂದೆ, ಅಕ್ಕೂರಿಗೆ ಅಂತ ಹೊರಟವಳು ರಾಮನಗರದಲ್ಲೇ ಇಳಿದುಬಿಟ್ಟೆ, ಕಾಲು ಮುಂದಕ್ಕೆ ಹೋಗಲಿಲ್ಲ, ಯಾಕೆಂದರೆ ನಾನು ಹೊರಡುವಾಗ ಸರಸತ್ತೆ, ಹೆಣ್ಮಗ ಹೊರದೇಸಕ್ಕೋಗಿ ಏನ್ ಕಿತ್ಕಂಡ್ ಬತ್ತಾಳೆ, ಮದ್ವೆ ಮಾಡಿ ಕಳ್ಸೋದ್ ಬುಟ್ಟು, ಅಂದಿದ್ದಕ್ಕೆ ಅವ್ವ ನಡುಬೀದಿಯಲ್ಲಿ ಸೆರಗು ಸಿಕ್ಕಿಸಿ ನಿಂತು, ನನ್ ಮಗ್ಳು ಬರಿಗೈಲಿ ಬಂದ್ರೆ ನನ್ನ ತಿಮ್ಮಮ್ಮ ಅಂತ ಕರೀಬ್ಯಾಡ್ರಿ ಅಂದುಬಿಟ್ಟಳು, ಇಡೀ ಬೀದಿ ಕೇಳಿಸಿಕೊಂಡಿತು. ಅವತ್ತು ನನಗೆ ಎಷ್ಟು ಹೆಮ್ಮೆ, ಈಗ ಎಷ್ಟು ಹೆದರಿಕೆ. ಕೆಲಸ ಸಿಗಲಿ, ವೀಸಾ ಆಗಲಿ, ಅಲ್ಲಿಂದಲೇ ರಜಕ್ಕೆ ಬಂದವಳ ಹಾಗೆ ಹೋಗಿ ಬಾಗಿಲು ತಟ್ಟುತ್ತೇನೆ, ಅಲ್ಲಿಯವರೆಗೂ ಮನೆಯೊಡತಿ ಗುಲ್ಜಾರ್ ಬೀ ಮಹಡಿಯ ಈ ಬಾಡಿಗೆ ರೂಮೇ ನನ್ನ ಮ್ಯಾಂಚೆಸ್ಟರು. ಕೆಳಗೆ ಅವರ ಮಗ ಗೂಡು ಬೇಯಿಸಿ ನೂಲು ತೆಗೆಯುತ್ತಾನೆ, ಆ ವಾಸನೆ ಶರ್ಟಿಗೂ ಹತ್ತಿದೆ, ಡಬ್ಲಿನ್ನಿಗೆ ವಾಸನೆ ಹೋಗುವುದಿಲ್ಲ ಸದ್ಯ. ಬೇಟಿ, ದಿನಾ ಬಾಗ್ಲು ಹಾಕ್ಕೊಂಡು ಇಂಗ್ಲಿಷ್‌ನಲ್ಲಿ ಯಾರ ಜೊತೆ ಜಗಳ ಆಡ್ತೀಯ ಅಂತ ಮೊನ್ನೆ ಗುಲ್ಜಾರ್ ಬೀ ಕೇಳಿದರು, ಕನ್ನಡಿ ಜೊತೆ ಅಂದೆ, ಮಧ್ಯಾಹ್ನ ಒಂದು ತಟ್ಟೆ ಬಿರಿಯಾನಿ ಬಂತು, ಪಾಪ ಹುಡುಗಿಗೆ ತಲೆ ಸರಿಯಿಲ್ಲ ಅಂದುಕೊಂಡಿರಬೇಕು, ಇದ್ದರೂ ಇರಬಹುದು, ಐದು ತಿಂಗಳಲ್ಲಿ ಎದುರು ಕೂತು ನನ್ನೊಂದಿಗೆ ಮಾತಾಡಿದವರು ಅವರೊಬ್ಬರೇ. ಬೆಂಗಳೂರಲ್ಲಿ ರೂಮು ಸಿಗುತ್ತಿರಲಿಲ್ಲವೆ, ಸಿಗುತ್ತಿತ್ತು, ಅಲ್ಲಿಯ ಕಿಟಕಿಗೆ ಅವ್ವ ಕಾಣುವುದಿಲ್ಲ. ಒಂದೊಂದು ಬೆಳೆ ಗೂಡಾದಾಗಲೂ ಅವಳು ಇಲ್ಲಿಗೆ ಬರಲೇಬೇಕು, ನಾಲ್ಕು ಸಲ ನೋಡಿದ್ದೇನೆ, ಇದು ಐದನೆಯದು, ಹೋದ ಸಲಕ್ಕಿಂತ ಒಣಗಿದ್ದಾಳೆ.

ಫೋನು — ಅವ್ವ. ಕೆಳಗೆ, ಹೊಂಗೆ ಮರದ ಬುಡದಲ್ಲಿ, ಕುರಿಗಳಿಗೆ ಕೊಂಡ ಹಿಂಡಿ ಮೂಟೆ ಇಳಿಸಿ ಫೋನು ಕಿವಿಗೆ ಹಿಡಿದಿದ್ದಾಳೆ, ಎರಡು ಇಪ್ಪತ್ತು, ಎತ್ತಬೇಡ, ಎತ್ತಿದೆ, ವಾಟ್ಸಾಪಿನ ನಂಬರು ಮಾತ್ರ ಇನ್ನೂ ಅಲ್ಲಿಯದೇ. ಎದ್ದಾ ಮಗಾ, ಹೂಂ ಕಣವ್ವ ಆಗಲೇ ಎದ್ದೆ, ಬೆಳಗಾಯ್ತಾ ಅಲ್ಲಿ, ಆಯ್ತು, ಒಸಿ ಬಿಸೀದು ಏನಾರ ಕುಡ್ದು ಆಪೀಸ್ಗೋಗು. ಅವಳ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಅರೆಗಳಿಗೆ ತಡವಾಗಿ ಕಿವಿಗೆ ಬರುತ್ತದೆ, ಅಷ್ಟರಲ್ಲಿ ಹಾಳು ಲಾರಿಯೊಂದು ಹಾರ್ನು ಹೊಡೆಯಿತು, ಒಂದು ಕಿವಿಗೆ ಕಿಟಕಿಯಿಂದ, ಇನ್ನೊಂದು ಕಿವಿಗೆ ಅವ್ವನ ಫೋನಿನಿಂದ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದೆ — ಅಲ್ಲೂವೆ ಹಿಂಗೆ ಹಾರ್ನ್ ಹೊಡ್ದು ಸಾಯ್ತಾರಾ ಮಗಾ, ಹೂಂ ಅವ್ವ, ಒಂದೊಂದ್ಸಲ. ನಂಬಿದಳು, ನಾನು ಏನು ಹೇಳಿದರೂ ನಂಬುತ್ತಾಳೆ, ಅದೇ ಹೊಟ್ಟೆ ಉರಿಯುವುದು. ಗೂಡು ಚೆನ್ನಾಗೋಯ್ತು ಕಣ್ಮಗಾ ಅಂದಳು, ಒಬ್ಬಳೇ ಹೋದೆಯಾ ಅಂದೆ. ಒಬ್ಳೇ ಯಾಕ್ ಬರ್ಲಿ, ನಿಮ್ಮಣ್ಣ ಶಿವರಾಜು ಬಂದವ್ನೆ, ಇಲ್ಲೇ ಪಕ್ದಲ್ಲೇ ನಿಂತವ್ನೆ, ಮೂಟೆ ಗೀಟೆ ಎಲ್ಲಾ ಅವ್ನೇ ಹೊತ್ಕತಾನೆ, ನೀ ಏನೂ ಯೋಚ್ನೆ ಮಡಿಕ್ಕೋಬ್ಯಾಡ. ಅವಳ ಪಕ್ಕದಲ್ಲಿ ಒಂದು ನಾಯಿ ಮಲಗಿದೆ, ಬೇರೆ ಯಾರೂ ಇಲ್ಲ. ಸುಳ್ಳು ಹೇಳುವುದನ್ನು ನಾನು ಯಾರಿಂದ ಕಲಿತೆ ಅಂತ ಈಗ ಗೊತ್ತಾಯಿತು, ನಗು ಬಂತು, ಅಣ್ಣಂಗೆ ಕೇಳಿದೆ ಅಂತ ಹೇಳು, ಇಡ್ತೀನವ್ವ, ಮೀಟಿಂಗ್ ಇದೆ ಅಂದೆ.

ಎರಡು ಇಪ್ಪತ್ತೈದು, ಲ್ಯಾಪ್‌ಟಾಪು ತೆರೆದು ಕೂತೆ, ಸ್ವಲ್ಪ ಕಾಯಿರಿ, ಒಳಗೆ ಕರೆಯುತ್ತೇವೆ ಅಂತ ಪರದೆ ಹೇಳುತ್ತಿದೆ, ಕಾಯಬೇಕು, ನನಗೆ ಬರುವ ವಿದ್ಯೆ ಅದೊಂದೇ. ಇವರು ಸ್ಪಾನ್ಸರ್ ಮಾಡುತ್ತಾರೆ, ಇನ್ನೂರ ಹನ್ನೊಂದರಲ್ಲಿ ಮಾಡುತ್ತೇವೆ ಅಂದವರು ಇವರೊಬ್ಬರೇ, ಇದು ಕೊನೆಯ ಸುತ್ತು — ಕಿಟಕಿಯ ಕಡೆ ನೋಡಬೇಡ, ನೋಡಿದೆ. ಅವ್ವ ತಲೆಗೆ ಬಟ್ಟೆ ಸುತ್ತಿ ಸಿಂಬಿ ಇಟ್ಟುಕೊಂಡಿದ್ದಾಳೆ, ಬಗ್ಗಿ ಮೂಟೆಗೆ ಎರಡೂ ಕೈ ಹಾಕಿದ್ದಾಳೆ, ಎತ್ತಲಾಗುತ್ತಿಲ್ಲ, ಒಸಿ ಎತ್ಕೊಡ್ರಪ್ಪೋ ಅಂತ ಕೂಗಿರಬೇಕು, ಬೈಕಿನವನು ಹೋದ, ಇನ್ನೊಬ್ಬ ಫೋನು ನೋಡುತ್ತಾ ಹೋದ, ಯಾರಾದರೂ ಬರುತ್ತಾರೆ, ಈ ಊರಲ್ಲಿ ಎತ್ತಿಕೊಡಿ ಅಂದರೆ ಇಲ್ಲ ಅನ್ನುವವರಿಲ್ಲ, ಬರುತ್ತಾರೆ ಕಣವ್ವ ಒಂದು ನಿಮಿಷ ತಾಳು, ಎರಡು ಇಪ್ಪತ್ತೆಂಟು, ಯಾರೂ ಬರಲಿಲ್ಲ, ಅಯ್ಯೋ ಯಾರೂ ಬರಲಿಲ್ಲ — ನನ್ನ ಕಾಲು ಆಗಲೇ ಮೆಟ್ಟಿಲ ಮೇಲಿದೆ, ವೇಲು ಕಣ್ಣು ಬಿಟ್ಟು ಮುಖದ ತುಂಬ ಸುತ್ತಿಕೊಂಡಿದ್ದೇನೆ, ಬಿಸಿಲಿಗೆ ಇಲ್ಲಿಯ ಹುಡುಗಿಯರೆಲ್ಲ ಸುತ್ತಿಕೊಳ್ಳುವ ಹಾಗೆ, ಎಲ್ಲಿಗೆ ಬೇಟಿ ಅಂತ ಗುಲ್ಜಾರ್ ಬೀ, ರಸ್ತೆ, ಬಿಸಿಲು, ಅವ್ವನ ಬೆನ್ನು.

ಹಿಂದಿನಿಂದ ಹೋಗಿ ಮೂಟೆಯ ಅಡಿಗೆ ಕೈ ಕೊಟ್ಟೆ, ಅವ್ವ ತಲೆ ಬಗ್ಗಿಸಿಯೇ ಇದ್ದಳು, ಯಾರೋ ಬಂದರು ಅಂತ ನಿಟ್ಟುಸಿರು ಬಿಟ್ಟಳು, ಹೂಂ ಎತ್ತವ್ವ ಅಂದಳು, ಎತ್ತಿದೆವು, ನನ್ನ ಬೆರಳು ಅವಳ ಬೆರಳಿಗೆ ತಾಕಿತು, ಹಿಪ್ಪುನೇರಳೆ ಸೊಪ್ಪಿನ ವಾಸನೆ, ಮೂಟೆ ಸಿಂಬಿಯ ಮೇಲೆ ಕೂತಿತು. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತಳು, ಕಣ್ಣು ನೆಟ್ಟಗೆ ರಸ್ತೆಯ ಕಡೆ, ಇನ್ನು ಅವಳ ಕತ್ತು ತಿರುಗುವುದಿಲ್ಲ, ನಾನು ಬೆನ್ನ ಹಿಂದೆ. ಪುಣ್ಯಾತ್ಗಿತ್ತಿ, ಚೆನ್ನಾಗಿರವ್ವ, ಯಾರ್ ಮಗ್ಳವ್ವ ನೀನು — ಅಂದಳು. ಬಾಯಿ ಬಿಟ್ಟರೆ ದನಿ ಗೊತ್ತಾಗುತ್ತದೆ, ಮೇಲೆ ರೂಮಿನಲ್ಲಿ ಎರಡೂವರೆ ಆಗಿರುತ್ತದೆ, ಮೂರು ಜನ ಖಾಲಿ ಕುರ್ಚಿ ನೋಡುತ್ತಿರುತ್ತಾರೆ, ಓಡಿದರೆ ಈಗಲೂ ಸಿಗುತ್ತದೆ, ಹೋಗು ಅವ್ವ, ಬಸ್ಸು ಬರುತ್ತದೆ ಹೋಗು, ಅವಳು ಹೋಗುತ್ತಿಲ್ಲ, ಉತ್ತರ ಬರುವವರೆಗೆ ಹೋಗುವ ಹೆಂಗಸಲ್ಲ, ಅಷ್ಟು ಭಾರ ಹೊತ್ತು ನಿಂತೇ ಇದ್ದಾಳೆ, ಕತ್ತಿನ ಎರಡು ನರ ಉಬ್ಬಿವೆ, ನಡುವೆ ಬೆವರು ಇಳಿಯುತ್ತಿದೆ, ಯಾರ್ ಮಗ್ಳವ್ವ, ಮೂಟೆ ಹೊತ್ತ ಕತ್ತು, ತಿರುಗಲಾರದ ಕತ್ತು, ಅವ್ವನ ಕತ್ತು