ಮೊದಲ ನೀರು

ನೇತ್ರಾವತಿ ಮೂಗು ಸೀಟಿಕೊಂಡು ಮೂರನೇ ಕೊಡವನ್ನು ನಲ್ಲಿಗೆ ಹಿಡಿದಳು. ಬೆಳಗಿನಿಂದ ಅತ್ತು ಅತ್ತು ಅವಳ ಮೂಗು ಕಟ್ಟಿತ್ತು. ಜಗಳೂರಿನ ಆ ಹಿಂದಿನ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಆದರೂ ಇವತ್ತಿನ ಮೊದಲ ಮೂರು ಕೊಡ ಮನೆಗಲ್ಲ. ಮೂವತ್ತು ವರ್ಷ ಊರಿಗೆ ನೀರು ಬಿಟ್ಟ ನಾಗೇಂದ್ರಪ್ಪ ನಸುಕಿನಲ್ಲಿ ತೀರಿಕೊಂಡಿದ್ದ. ಅವನ ಕೊನೆಯ ಸ್ನಾನಕ್ಕೆ ತಮ್ಮ ಓಣಿಯ ನೀರೇ ಆಗಬೇಕೆಂದು ಹೆಂಗಸರು ಮಾತಾಡಿಕೊಂಡಿದ್ದರು. ಇವತ್ತು ವಾಲ್ವ್ ತಿರುಗಿಸಿದವನು ಅವನ ಬದಲಿಗೆ ಬಂದ ದುರುಗೇಶ.

ನಾಗೇಂದ್ರಪ್ಪನ ಅಂಗಳದಲ್ಲಿ ಜನ ಅವನ ಗುಣವನ್ನೇ ಆಡಿಕೊಳ್ಳುತ್ತಿದ್ದರು. ಎಲ್ಲಿ ಊಟಕ್ಕೆ ಕೂತರೂ ಅವನು ಮೊದಲು ನೀರಿನ ಲೋಟ ಮೂಸುತ್ತಿದ್ದ.

"ನನ್ನ ಮಗಳ ಮದುವ್ಯಾಗೂ ಮೂಸಿದ. ಬೀಗರು ಎದ್ದೇ ಬಿಟ್ಟಿದ್ರು," ಎಂದಳು ಅವನ ತಂಗಿ ಲಕ್ಷ್ಮಮ್ಮ, ಕಣ್ಣೊರೆಸಿಕೊಂಡು ನಗುತ್ತ.

ಕೊಡಗಳು ಬಂದವು. ಹೆಂಡತಿ ಗಿಡ್ಡಮ್ಮ ಚೊಂಬು ಅದ್ದಿದವಳು ಹಾಗೇ ನಿಂತಳು. ನೀರಿಗೆ ಚರಂಡಿಯ ನಾತವಿತ್ತು.

"ಯಾವ ನಲ್ಲೀದವ್ವ ಇದು?"

"ನಮ್ಮ ಓಣೀದೇ ಅಜ್ಜಿ." ನೇತ್ರಾವತಿ ಬಗ್ಗಿ ಮೂಸಿದಳು, ಏನೂ ತಿಳಿಯಲಿಲ್ಲ. ಪಕ್ಕದವಳು ಮೂಸಿ ಮುಖ ತಿರುಗಿಸಿದಾಗ ನಾಚಿ ತಲೆ ತಗ್ಗಿಸಿದಳು. "ಅಜ್ಜಾರು ಅರ್ಧ ತಾಸು ನೀರನ್ನ ಚರಂಡಿಗೆ ಬಿಟ್ಟು, ಅಂಗೈಯಾಗೆ ಹಿಡಿದು ಮೂಸಿ, ಆಮ್ಯಾಲೆ ನಮಗೆ ಕೊಡೋರು. ಮೊದಲ ನೀರು ನಾವು ಕಂಡೇ ಇಲ್ಲ. ಇವತ್ತು ದುರುಗೇಶಂಗೆ ಹೇಳಾಕೆ ಮರೆತ್ವಿ."

ಅರ್ಧ ತಾಸು. ಹಿಂದಿನ ಓಣಿಯ ಕಟ್ಟೆಯ ಮೇಲೆ ಹರಟೆ ಹೊಡೆದು ಬರುತ್ತಾನೆಂದು ಗಿಡ್ಡಮ್ಮ ಅಷ್ಟೂ ವರ್ಷ ಅವನನ್ನು ಮೂದಲಿಸಿದ್ದಳು. ಅವನು ಹೂಂ ಅನ್ನುತ್ತಿದ್ದ.

*

ನಾಲ್ಕು ವರ್ಷದ ಹಿಂದೆ ಅವನೊಂದು ಅರ್ಜಿ ಬರೆಸಿ ತಂದಿದ್ದ. ಹಿಂದಿನ ಓಣಿಯ ಪೈಪು ಚರಂಡಿಯೊಳಗೇ ಸುತ್ತಿ ಹೋಗುತ್ತದೆ, ಒಡೆದಲ್ಲೆಲ್ಲ ಕೊಳಕು ಸೇರುತ್ತದೆ, ನೆಟ್ಟಗೆ ಹೊಸ ಪೈಪು ಹಾಕಿ ಎಂದು ದಾವಣಗೆರೆಯ ಕಚೇರಿಗೆ. ನೆಟ್ಟಗೆ ಅಂದರೆ ಅದು ಗಿಡ್ಡಮ್ಮನ ಬಚ್ಚಲನ್ನು ಒಡೆದುಕೊಂಡೇ ಹೋಗಬೇಕು.

"ಜಾಗ ನಿನ್ನ ಹೆಸರಿಗೈತೆ. ಒಂದು ಸಹಿ ಹಾಕು."

ಮದುವೆಯಾದ ಹೊಸದರಲ್ಲಿ ಅವಳು ಬೆಳಕು ಹರಿಯುವ ಮೊದಲೇ ಸೀರೆ ಮರೆ ಕಟ್ಟಿಕೊಂಡು ಮೈ ತೊಳೆಯುತ್ತಿದ್ದಳು. ಅದನ್ನು ನೋಡಲಾರದೆ ಅವನೇ ಕಲ್ಲು ಹೊತ್ತು ಕಟ್ಟಿದ ಬಚ್ಚಲದು.

"ಊರಿಗೆಲ್ಲ ನೀರು ಬಿಡ್ತೀಯ, ನನಗೊಂದು ಬಚ್ಚಲು ಬಿಡಾಕೆ ಆಗಲ್ಲೇನು?" ಅಂದಿದ್ದಳು.

ಅವನು ನಕ್ಕು, ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದ. ಮತ್ತೆ ಕೇಳಲಿಲ್ಲ.

*

ದುರುಗೇಶ ಅರ್ಧ ತಾಸು ನೀರು ಹರಿಯಬಿಟ್ಟ. ಹೊಸ ಕೊಡ ಬಂದಾಗ ಗಿಡ್ಡಮ್ಮ ಅಂಗೈಯಲ್ಲಿ ಹಿಡಿದು ಮೂಸಿ, "ಹಾಕ್ರಿ," ಎಂದಳು. ಬಚ್ಚಲಿನ ಮುಂದೆ ಹಲಗೆಯ ಮೇಲೆ ಕೂರಿಸಿ ಅವನನ್ನು ಮೀಯಿಸಿದರು.

ಚಟ್ಟ ಕಟ್ಟುವಷ್ಟರಲ್ಲಿ ಅವಳು ಪಟದ ಹಿಂದಿನ ಲಕೋಟೆ ತೆಗೆದು, ರಾತ್ರಿ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ ಒಳಗಿನ ಅರ್ಜಿಗೆ ಸಹಿ ಹಾಕಿದಳು. ಅವರ ಒಲೆ ಉರಿದಿರಲಿಲ್ಲ. ಪಕ್ಕದ ಮನೆಯಿಂದ ನಾಲ್ಕು ಅಗುಳು ಅನ್ನ ತರಿಸಿ ಲಕೋಟೆ ಅಂಟಿಸಿದಳು.

ಅರ್ಧ ಹಾದಿಯಲ್ಲಿ ಚಟ್ಟ ಇಳಿಸಿದರು. ಹೆಂಗಸರು ಅಲ್ಲಿಂದ ಹಿಂದಿರುಗುವುದು ರೂಢಿ. ಗಿಡ್ಡಮ್ಮ ಹಿಂದಿರುಗದೆ ರಸ್ತೆ ದಾಟಿ ಅಂಚೆ ಡಬ್ಬಿಯ ಹತ್ತಿರ ಹೋದಳು.

"ಇನ್ನು ಸ್ನಾನ ಎಲ್ಲಿ ಮಾಡ್ತಿ ಅತ್ತಿಗಿ?" ಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು.

"ಅಂಗಳದ ಮೂಲ್ಯಾಗೆ ಇನ್ನೊಂದು ಕಟ್ಟಿಸ್ಕಂಡ್ರಾತು."

ತಮಟೆಯವರು ಕೈ ತಡೆದಿದ್ದರು. ಲಕೋಟೆ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಗಂಡಸರು ರೂಢಿಯಂತೆ ಚಟ್ಟದ ದಿಕ್ಕು ಬದಲಿಸಿ ಹೆಗಲು ಕೊಟ್ಟರು.