ಪರದೆಯ ನಡುವಿನ ಗೆರೆ

ಕಾರ್ಡ್ ಬದಲಿಸಿದರೂ ಗೆರೆ ಹೋಗಲಿಲ್ಲ. ಡಬ್ಬಿಯಂಥ ಹಳೇ ಮಾನಿಟರಿನ ಕಪ್ಪು ಪರದೆಯ ನಟ್ಟನಡುವೆ, ಅಡ್ಡಲಾಗಿ, ಬೆಳ್ಳಗೆ ಒಂದೇ ಒಂದು ಗೆರೆ. ಕೇಬಲಿನ ಪಿನ್ನುಗಳನ್ನು ನೋಡಿದ್ದಾಯಿತು. ಡಿಸ್‌ಪ್ಲೇ ಕಾರ್ಡನ್ನು ಕಿತ್ತು, ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ್ದಾಯಿತು. ಕೊನೆಗೆ ಗೋಕಾಕದಿಂದ ತಂದಿದ್ದ ಬೇರೆ ಕಾರ್ಡನ್ನೂ ಹಾಕಿದ್ದಾಯಿತು. ರಾಧಿಕಾ ಗಂಡನ ಮುಖ ನೋಡಿದಳು. ಶಿವಾನಂದ ಸ್ಕ್ರೂಡ್ರೈವರ್ ಕೆಳಗಿಟ್ಟ. ದೋಷ ಇರುವುದು ಕಂಪ್ಯೂಟರಿನಲ್ಲಲ್ಲ, ಮಾನಿಟರಿನ ಒಳಗೆ ಎಂದು ಇಬ್ಬರಿಗೂ ತಿಳಿಯಿತು.

ಹಿಂದಿನ ಮಳೆಗಾಲದಲ್ಲಿ, ಗೋಕಾಕದ ತಮ್ಮ ರಿಪೇರಿ ಅಂಗಡಿಯಲ್ಲಿ, ಇಂಥದ್ದೇ ಒಂದು ಮಾನಿಟರ್ ಬಿಚ್ಚುವಾಗ ಶಿವಾನಂದ ಕರೆಂಟಿನ ಹೊಡೆತಕ್ಕೆ ಹಾರಿ ಗೋಡೆಗೆ ಬಡಿದು ಬಿದ್ದಿದ್ದ. ಪ್ಲಗ್ ತೆಗೆದಿದ್ದರೂ ಚಿತ್ರದ ಟ್ಯೂಬು ಕರೆಂಟು ಹಿಡಿದುಕೊಂಡೇ ಇರುತ್ತದೆ. ಅವಸರದಲ್ಲಿ ಅದನ್ನು ಇಳಿಸಲು ಮರೆತಿದ್ದ. ಬಿದ್ದವನ ಎದೆಗೆ ಕಿವಿ ಹಚ್ಚಿದಾಗ ರಾಧಿಕಾಗೆ ಮೊದಲು ಏನೂ ಕೇಳಿಸಿರಲಿಲ್ಲ. ಕೇಳಿಸುವವರೆಗಿನ ಆ ಹೊತ್ತು ಅವಳನ್ನು ಈಗಲೂ ಬಿಟ್ಟಿರಲಿಲ್ಲ. ಅಂದಿನಿಂದ ಅವನು ಮಾನಿಟರ್ ಬಿಚ್ಚಿರಲಿಲ್ಲ. ತಂದವರನ್ನು ಬೆಳಗಾವಿಗೆ ಕಳಿಸುತ್ತಿದ್ದ. ಅವನು ಕೆಲಸಕ್ಕೆಂದು ಎಲ್ಲಿಗೆ ಹೊರಟರೂ ಏನಾದರೊಂದು ನೆಪ ಮಾಡಿ ಅವಳೂ ಹೊರಡುತ್ತಿದ್ದಳು.

ಮೂಡಲಗಿಯ ಈ ಕಂಪ್ಯೂಟರ್ ಕ್ಲಾಸು ಜಿನದತ್ತನದು. ಕೆಲಸ ಮಾಡುವ ಮಾನಿಟರ್ ಅವನಲ್ಲಿ ಇದೊಂದೇ ಉಳಿದಿತ್ತು, ಈಗ ಇದೂ ಕೆಟ್ಟಿತ್ತು. ಬೆಳಗಾದರೆ ಪರೀಕ್ಷೆ, ಬೆಳಗಾವಿಗೆ ಒಯ್ಯಲು ಹೊತ್ತಿರಲಿಲ್ಲ. ಸುತ್ತಲ ಹಳ್ಳಿಗಳಿಂದ ಹುಡುಗಿಯರು ಬಂದು ಇದರ ಮುಂದೆ ಸರದಿಯಲ್ಲಿ ಕೂರುವವರಿದ್ದರು. ಈ ಸಲ ತಪ್ಪಿದರೆ ಎಷ್ಟೋ ಜನರನ್ನು ಮನೆಯವರು ಮತ್ತೆ ಹೊರಗೆ ಕಳಿಸುವುದಿಲ್ಲ ಎಂದು ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ.

"ಬಿಚ್ಚತೇನಿ," ಎಂದ ಶಿವಾನಂದ.

ರಾಧಿಕಾಗೆ ತಡೆಯಬೇಕೆನ್ನಿಸಿತು. ಆದರೂ ಬೇಡ ಎನ್ನಲಿಲ್ಲ. ಈಗ ತಡೆದರೆ ಅವನು ಇನ್ನೆಂದೂ ಬಿಚ್ಚಲಾರ. ಪ್ಲಗ್ಗನ್ನು ತಾನೇ ಕಿತ್ತು ದೂರ ಸರಿಸಿದಳು.

ಹಿಂದಿನ ಮುಚ್ಚಳ ಕಳಚಿದಾಗ ಧೂಳು ಮೆತ್ತಿದ ಟ್ಯೂಬು, ಅದರ ಮೇಲೆ ದಪ್ಪ ತಂತಿಯೊಂದು ಹೊಕ್ಕಿದ್ದ ರಬ್ಬರ್ ಟೊಪ್ಪಿಗೆ ಕಂಡವು. ಆ ಟೊಪ್ಪಿಗೆಯ ಅಡಿಗೆ ಸ್ಕ್ರೂಡ್ರೈವರ್ ತೂರಿಸಿ ಕರೆಂಟು ಇಳಿಸಬೇಕು. ಸ್ಕ್ರೂಡ್ರೈವರಿಗೆ ಸುತ್ತಿದ ತಂತಿಯ ಇನ್ನೊಂದು ತುದಿಯನ್ನು ಶಿವಾನಂದ ಟ್ಯೂಬಿನ ಕಬ್ಬಿಣದ ಚೌಕಟ್ಟಿಗೆ ಬಿಗಿದ. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ.

"ನನಗ ಆಗವಲ್ದು," ಎಂದ. ಜಿನದತ್ತ ಬೇರೆ ಕಡೆ ಮುಖ ತಿರುಗಿಸಿದ.

ರಾಧಿಕಾ ಗಂಡನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. "ಹೆಂಗ ಮಾಡೋದು ಹೇಳ್ರಿ."

ಅವನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. ಆಮೇಲೆ ಹೇಳಿದ: "ಒಂದ ಕೈ ಬೆನ್ನ ಹಿಂದ ಇಟ್ಕೊ. ಪ್ಲಾಸ್ಟಿಕ್ ಹಿಡಿಕಿ ಅಷ್ಟ ಹಿಡಿ. ಮತ್ತೇನೂ ಮುಟ್ಟಬ್ಯಾಡ."

ಅವಳು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು. ಮುಚ್ಚಿದರೆ ಗುರಿ ತಪ್ಪುತ್ತದೆ. ಟೊಪ್ಪಿಗೆಯ ಅಂಚನ್ನು ಎತ್ತಿ ತುದಿಯನ್ನು ಒಳಗೆ ತಳ್ಳಿದಳು. ಚಟ್ ಎಂದು ಕಿಡಿ ಹಾರಿತು. ಶಿವಾನಂದ ಅವಳ ಹೆಸರು ಹಿಡಿದು ಕೂಗಿದ.

"ಇದ್ದೇನ್ರಿ," ಎಂದಳು.

ಇನ್ನೊಮ್ಮೆ ಮುಟ್ಟಿಸು ಎಂದ ಅವನು. ಈ ಸಲ ಸದ್ದಾಗಲಿಲ್ಲ, ಕರೆಂಟು ಪೂರ್ತಿ ಇಳಿದಿತ್ತು.

ಉಳಿದದ್ದನ್ನು ಅವನೇ ಮಾಡಿದ. ಒಂದು ಕಡೆ ಬಿರುಕು ಬಿಟ್ಟಿದ್ದ ಬೆಸುಗೆಯನ್ನು ಹುಡುಕಿ ಮತ್ತೆ ಬೆಸೆದ. ಮುಚ್ಚಳ ಹಾಕಿ ಸ್ವಿಚ್ ಒತ್ತಿದಾಗ ಪರದೆಯ ತುಂಬ ಬೆಳಕು ಹರಡಿ ಚಿತ್ರ ಮೂಡಿತು. ಜಿನದತ್ತ ಚಹಾ ತರಿಸಿದ. ಶಿವಾನಂದ ತನ್ನದನ್ನು ಕುಡಿದು ಮುಗಿಸಿ, ಪರೀಕ್ಷೆಗೆ ಮುನ್ನ ಏನೇನು ನೋಡಿಕೊಳ್ಳಬೇಕೆಂದು ಅವನಿಗೆ ವಿವರಿಸತೊಡಗಿದ.

ರಾಧಿಕಾ ಕಪ್ ಎತ್ತಲು ಹೋದಳು. ಅದು ಬಸಿಯೊಳಗೇ ಕಟಕಟ ಅಲುಗಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಸುಮ್ಮನೆ ಕೂತಳು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.